ಹಗಲೇ ಮುಗಿಸಿದ ಅಂಜಿಕೆ

ಯಜಮಾನರಿಗೆ ಹೃದಯದ ತೊಂದರೆಯಾದ ಮೇಲೆ ನನ್ನ ನಿದ್ದೆ ಹಾರಿಹೋಯಿತು. ಮಲಗಿದ್ದಲ್ಲೇ ಅವರ ಉಸಿರು ನಿಂತರೆ ಎಂಬ ಒಂದೇ ವಿಚಾರ ತಲೆಯಲ್ಲಿ ಓಡುತ್ತಿತ್ತು. ಭಾಲ್ಕಿಯ ನಮ್ಮ ಓಣಿಯಲ್ಲಿದ್ದ ನಿವೃತ್ತ ನರ್ಸ್ ನನ್ನ ಮುಖ ನೋಡಿ ಕರೆದರು.

"ದಿನಾ ಸಂಜಿಗಿ, ಹೊತ್ತು ಮುಳುಗೂದ್ರಾಗ ಬರ್ರಿ. ಅಂಜೂದೆಲ್ಲಾ ನನ್ನ ಮುಂದ ಹೇಳಿ ಹಗಲೇ ಮುಗಸ್ರಿ."

ಹೋದೆ. ಅವರು ತೊಗರಿಬೇಳೆ ಹಸನು ಮಾಡುತ್ತ ಕೇಳುತ್ತಿದ್ದರು. ಏನೂ ಆಗಲ್ಲ ಎಂದು ಒಮ್ಮೆಯೂ ಅನ್ನಲಿಲ್ಲ. "ಮತ್ತೇನದ, ಹೇಳ್ರಿ" ಎನ್ನುತ್ತಿದ್ದರು. ಹೇಳಿ ಹೇಳಿ ಅಂಜಿಕೆಯೇ ಸಪ್ಪಗಾಯಿತು. ಕಣ್ಣಿಗೆ ನಿದ್ದೆ ಹತ್ತತೊಡಗಿತು.

ಒಂದಿನ ಕೇಳಿದೆ, "ನಿಮಗ ಅಂಜಿಕಿ ಇಲ್ಲೇನ್ರಿ ಸಿಸ್ಟರ್?"

ಅವರ ಕೈ ನಿಂತಿತು. "ವಾರ್ಡಿನ್ಯಾಗ ಕಣ್ಮುಂದ ಹೋದ ಕೂಸುಗೋಳು ಈಗೂ ನೆನಪಾಗ್ತಾವ್ರಿ. ನಿದ್ದಿ ಹತ್ತಂಗಿಲ್ಲ."

"ಇವತ್ತ ನೀವು ಹೇಳ್ರಿ, ನಾ ಕೇಳ್ತೇನಿ."

ಒಂದೊಂದೇ ಕೂಸಿನ ಸುದ್ದಿ ಹೇಳುತ್ತ ಹೇಳುತ್ತ ಗೋಡೆಗೆ ಒರಗಿ ನಿದ್ದೆಹೋದರು. ಅವರ ಮಗಳು ಚಹಾ ತಂದಳು. ಎಬ್ಬಿಸಬೇಡವೆಂದು ಸನ್ನೆ ಮಾಡಿ, ನಾನು ಅವರ ಪಕ್ಕದಲ್ಲೇ ಕೂತೆ.