ತಣ್ಣಗಿಡಬೇಕಾದ ಮೈ

ಮೀನಿನ ಶೀತಲಗೃಹದಲ್ಲಿ ಹೆಂಗಸರ ತಂಡವನ್ನು ನಡೆಸುತ್ತಿದ್ದವಳನ್ನು ಎಲ್ಲರೂ ಐಸಕ್ಕ ಎಂದೇ ಕರೆಯುತ್ತಿದ್ದರು. ಮಾತು ಒರಟು, ಕೆಲಸ ಚೊಕ್ಕ. ಒಳಗೆ ಹೋಗುವಾಗ ಇಬ್ಬರು ಜೊತೆಯಾಗಿಯೇ ಹೋಗಬೇಕು. ಒಬ್ಬಳ ತುಟಿ ನೀಲಿಯಾದರೆ ಇನ್ನೊಬ್ಬಳು ಯಾರನ್ನೂ ಕೇಳದೆ ಅವಳನ್ನು ಹೊರಗೆಳೆದು, ಹೊದಿಸಿ, ಅಂಗಾಲು ತಿಕ್ಕಬೇಕು. ಇದು ತಂಡದ ಕಟ್ಟಳೆ. ಮೇಲಿನವರ ಅಪ್ಪಣೆಗೆ ಕಾದು ನಿಂತ ಒಬ್ಬಳನ್ನು ಐಸಕ್ಕ ಕೆಲಸದಿಂದಲೇ ಬಿಡಿಸಿದ್ದಳು.

ಅವಳ ಗಂಡ ಚಾವಣಿಗೆ ತಗಡು ಹಾಕುವವನು. ಒಂದು ಬೆಳಿಗ್ಗೆ ಏಣಿ ಜಾರಿ ಬೆನ್ನು ಕೆಳಗಾಗಿ ಬಿದ್ದ. ಮೈಮೇಲೆ ಗಾಯವಿರಲಿಲ್ಲ, ಮಾತೂ ಆಡುತ್ತಿದ್ದ. ಸೊಂಟದ ಕೆಳಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. "ನನ್ನ ಕಾಲು ಎಲ್ಲಿಟ್ಟಿದ್ದೀರಾ ನೋಡ್ರೋ" ಎಂದು ಜೊತೆಯವರನ್ನು ಕೇಳಿದನಂತೆ. ಆ ಮಾತು ಕಿವಿಗೆ ಬಿದ್ದಾಗ ಅವಳ ಎದೆ ಹೊಕ್ಕ ಭಯ ಮತ್ತೆ ಇಳಿಯಲಿಲ್ಲ.

ಶಸ್ತ್ರಚಿಕಿತ್ಸೆ ಮುಗಿಸಿ ಬಂದ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ.

"ಬೆನ್ನುಹುರಿ ಜಜ್ಜಿದೆ, ತುಂಡಾಗಿಲ್ಲ. ಆದ್ರೆ ಇನ್ನು ಅದು ಊದಿಕೊಳ್ಳುತ್ತೆ, ಆ ಊತ ಮತ್ತಷ್ಟು ಹಾಳು ಮಾಡುತ್ತೆ. ಒಂದೆರಡು ದಿನ ಮೈ ತಂಪಾಗಿಟ್ಟರೆ ಉಳಿದದ್ದು ಉಳೀಬಹುದು. ಖಾತ್ರಿ ಕೊಡೋಕಾಗಲ್ಲ, ಇದು ಇನ್ನೂ ಪ್ರಯೋಗದಲ್ಲೇ ಇದೆ."

"ತಂಪು ಅಂದ್ರೆ ಎಷ್ಟು ಡಾಕ್ಟ್ರೇ?"

"ಮೂವತ್ತಮೂರು ಡಿಗ್ರಿ. ಮಾಮೂಲಿಗಿಂತ ನಾಲ್ಕು ಕಮ್ಮಿ."

"ಮೈ ಅಷ್ಟು ತಣ್ಣಗಾದ್ರೆ ನಮ್ಮಲ್ಲಿ ಆಂಬುಲೆನ್ಸ್ ಕರೀತಾರೆ."

"ಇಲ್ಲಿ ನಾವೇ ಇದ್ದೀವಲ್ಲಮ್ಮ."

ಅವಳು ಒಪ್ಪಿದಳು. ಒಪ್ಪಿದ್ದು ಬಾಯಿ ಮಾತ್ರ.

ಮರುದಿನ ಅವಳನ್ನು ಐಸಿಯು ಒಳಗೆ ಬಿಟ್ಟರು. ಗಂಡನನ್ನು ಮದ್ದು ಕೊಟ್ಟು ಮಲಗಿಸಿದ್ದರು. ಬಾಯಲ್ಲಿ ಕೊಳವೆ, ಮೈಯ ಮೇಲೂ ಕೆಳಗೂ ತಣ್ಣೀರು ಹರಿಯುವ ಹಾಸು. ಅಂಗಾಲು ಮುಟ್ಟಿದಳು. ಕಬ್ಬಿಣ ಮುಟ್ಟಿದಂತಾಯಿತು. ತುಟಿ ನೀಲಿ. ಪಕ್ಕದ ಹಾಸಿಗೆಯವನಿಗೆ ಉಸಿರು ಕಟ್ಟಿ ನರ್ಸಮ್ಮ ಅತ್ತ ಓಡಿದಳು. ಐಸಕ್ಕ ಹಾಸನ್ನು ಸರಿಸಿದಳು, ತನ್ನ ಸ್ವೆಟರ್ ಬಿಚ್ಚಿ ಗಂಡನ ಎದೆಗೆ ಹೊದಿಸಿದಳು, ಅಂಗಾಲು ತಿಕ್ಕತೊಡಗಿದಳು. ಯೋಚಿಸಲಿಲ್ಲ. ಇಂಥ ಹೊತ್ತಿನಲ್ಲಿ ಯೋಚಿಸುತ್ತ ನಿಲ್ಲಬಾರದೆಂದು ಅಷ್ಟು ವರ್ಷ ಇತರರಿಗೆ ಕಲಿಸಿದವಳೇ ಅವಳು. ತಿಕ್ಕುತ್ತಿದ್ದಂತೆ ಅವನ ದವಡೆ ನಡುಗತೊಡಗಿತು. ಯಂತ್ರ ಚೀರಿತು.

"ಏನಮ್ಮಾ ಮಾಡ್ತಿದ್ದೀರಾ! ಕೈ ತೆಗೀರಿ!"

"ಸಾಯ್ತಾರೆ ಸಿಸ್ಟರ್, ತುಟಿ ನೋಡಿ!"

ಅವಳ ಕೆಲಸ ಏನೆಂದು ತಿಳಿದಿದ್ದ ನರ್ಸಮ್ಮ ಸ್ವೆಟರನ್ನು ಕಿತ್ತೆಸೆದು ಹಾಸನ್ನು ಎಳೆದು ಮುಚ್ಚುತ್ತಲೇ ಕೇಳಿದಳು: "ನಿಮ್ಮ ಶೀತಲಗೃಹದ ಬಾಗಿಲು ಯಾರಾದ್ರೂ ತೆಗೆದಿಟ್ಟು ಹೋದ್ರೆ ಏನಾಗುತ್ತೆ?"

"ಮಾಲು ಕೆಡುತ್ತೆ."

ಹೇಳಿದವಳೇ ನೆಲಕ್ಕೆ ಬಿದ್ದಿದ್ದ ಸ್ವೆಟರ್ ಎತ್ತಿಕೊಂಡು ಹೊರಗೆ ಬಂದಳು.

ಹೊರಗೆ ನಾದಿನಿ ಕಾದಿದ್ದಳು. "ಅಣ್ಣನ್ನ ಬೆಚ್ಚಗೆ ಮಾಡೋಕೆ ಹೋಗಿದ್ರಂತೆ ಅತ್ತಿಗೆ? ಇನ್ನು ಜೀವನಪೂರ್ತಿ ಹೊತ್ಕೊಂಡು ತಿರುಗಿ."

ಐಸಕ್ಕ ಅವಳನ್ನು ದಾಟಿ ಹೋಗಿ ಡಾಕ್ಟರನ್ನು ಮೊಗಸಾಲೆಯಲ್ಲಿ ಅಡ್ಡಗಟ್ಟಿದಳು.

"ನನ್ನಿಂದ ಕೆಟ್ಟಿತಾ?"

"ಗೊತ್ತಿಲ್ಲಮ್ಮ. ಗೊತ್ತಾಗೋದೂ ಇಲ್ಲ."

ಸುಳ್ಳು ಹೇಳಿ ಸಮಾಧಾನಪಡಿಸುವ ಜಾತಿಯ ಡಾಕ್ಟರಲ್ಲ ಅವರು. ಅವಳೂ ಅಂಥ ಸಮಾಧಾನವನ್ನು ನಂಬುವವಳಲ್ಲ. ಅಲ್ಲಿಯವರೆಗೆ ತಣ್ಣೀರು ಹರಿಯುವ ಹಾಸನ್ನು ಕಂಡು ಹೆದರಿದ್ದಳು. ಆಮೇಲೆ ತನ್ನ ಕೈಗಳಿಗೇ ಹೆದರಿದಳು. ಒಳಗೆ ಬಿಟ್ಟಾಗಲೆಲ್ಲ ಅವನ್ನು ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಲ್ಲುತ್ತಿದ್ದಳು.

ಎರಡು ದಿನ ಕಳೆದ ಮೇಲೆ ಅವನ ಮೈಯನ್ನು ನಿಧಾನವಾಗಿ ಮಾಮೂಲಿ ಬಿಸಿಗೆ ತಂದರು. ಕೊಳವೆ ತೆಗೆದ ಮೇಲೆ ಡಾಕ್ಟರು ಸೂಜಿ ಹಿಡಿದು ಬಂದರು. ಎಡಗಾಲಿಗೆ ಚುಚ್ಚಿದಾಗ ಅವನು ಮುಖ ಕಿವುಚಿದ. ಡಾಕ್ಟರು ಬಲಗಾಲಿಗೂ ಚುಚ್ಚಿದರು.

"ಹೂಂ, ಚುಚ್ಚಿ" ಎಂದ ಅವನು, ಕಾಯುತ್ತ.

ಡಾಕ್ಟರು ಹೋದ ಮೇಲೆ ಹೆಂಡತಿಯ ಕಡೆ ಕತ್ತು ಹೊರಳಿಸಿದ. ತಂಗಿ ಆಗಲೇ ಎಲ್ಲವನ್ನೂ ಊದಿಬಿಟ್ಟಿದ್ದಳು.

"ನೀನು ಉಜ್ಜಿದ್ದು ಯಾವ ಕಾಲು?"

"ಎರಡೂ."

"ಹಾಗಾದ್ರೆ ಬಲಗಾಲಿಗೆ ಮೋಸ ಮಾಡಿದ್ದೀಯ. ಬಾ, ಸರಿಯಾಗಿ ಉಜ್ಜು."

ಅವಳು ನಗಲಿಲ್ಲ. ನರ್ಸಮ್ಮನ ಮುಖ ನೋಡಿದಳು.

"ಈಗ ಮುಟ್ಟಬಹುದಮ್ಮ."

ಐಸಕ್ಕ ಗಂಡನ ಕಾಲ ಬಳಿ ಬಂದು ಕೈ ಚಾಚಿದಳು. ಬೆರಳುಗಳು ಮಂಚದ ಅಂಚಿನಲ್ಲೇ ನಿಂತವು.

"ಮೊದಲು ನೀವು ಮುಟ್ಟಿ ತೋರಿಸಿ ಸಿಸ್ಟರ್" ಎಂದಳು.