ಕ್ರಿಮಿಗೆ ಬಣ್ಣ ಹಚ್ಚಿದವರು ಯಾರು?

‘ಸರ, ಆ ಕ್ರಿಮಿ ಫೋಟೋ ಎಲ್ಲಾ ಸುಳ್ಳಂತರಿ. ಗುಳಗಿ ಬಿಟ್ಟೇನಿ.’

ಕೊಪ್ಪಳದಲ್ಲಿ ನಮ್ಮ ಪಕ್ಕದ ಮನೆಯ ಹುಸೇನ್‌ಸಾಬ್ ಚಾಚಾ ಹೀಗೆಂದಾಗ ನನ್ನ ಕೈಯಲ್ಲಿದ್ದ ಚಹಾ ಚೆಲ್ಲುವುದೊಂದು ಬಾಕಿ. ಅವರು ಬಿಟ್ಟಿದ್ದು ತಲೆನೋವಿನ ಗುಳಿಗೆಯಲ್ಲ ಸ್ವಾಮಿ, ಟಿಬಿಯದ್ದು! ಶುರು ಮಾಡಿದ ನಾಲ್ಕೇ ದಿನಕ್ಕೆ ಬಿಟ್ಟಿದ್ದಾರೆ. ಬಿಟ್ಟು ಹದಿನೈದು ದಿನವಾಗಿದೆ.

ಕಾರಣ? ಯಲಬುರ್ಗಾದ ನೆಂಟರೊಬ್ಬರು ಕಳಿಸಿದ ವಾಟ್ಸಾಪ್ ವಿಡಿಯೋ. ವಿಜ್ಞಾನಿಗಳೇ ಕ್ರಿಮಿಗಳಿಗೆ ಬಣ್ಣ ಹಚ್ಚಿ ಫೋಟೋ ತೆಗೆಯುತ್ತಾರೆ, ಎಲ್ಲವೂ ಔಷಧ ಮಾರುವವರ ಆಟ ಅಂತ.

(ಬಣ್ಣ ಹಚ್ಚುವುದು ನಿಜವೇ. ತಾಪತ್ರಯ ಆಗಿದ್ದೇ ಅಲ್ಲಿ.)

ಒಂದು ತಾಸು ವಾದಿಸಿದೆ. ನನ್ನ ಗಂಟಲು ಹರಿಯಿತು, ಅವರ ಕೆಮ್ಮು ನಿಲ್ಲಲಿಲ್ಲ. ಕೊನೆಗೆ ಸ್ಕೂಟರ್ ಮೇಲೆ ಕೂಡಿಸಿಕೊಂಡು ಲ್ಯಾಬಿಗೆ ಒಯ್ದೆ.

ಲ್ಯಾಬಿನ ಅಕ್ಕ ಬೈಯಲಿಲ್ಲ. ಹೊಸದಾಗಿ ಕಫ ತೆಗೆದುಕೊಂಡು, ಸ್ಲೈಡ್ ಸಿದ್ಧಮಾಡಿ, ಮೈಕ್ರೋಸ್ಕೋಪಿನಲ್ಲಿ ಅವರಿಗೇ ನೋಡಲು ಹೇಳಿದರು.

‘ಎಲ್ಲಾ ನೀಲಿ ಐತಿ. ನಡುವ ಸಣ್ಣ ಕೆಂಪು ಕಡ್ಡಿ ಅದಾವ. ನೋಡ್ರಿ, ಬಣ್ಣ ಹಚ್ಚೀರಿ!’ ಚಾಚಾ ಗೆದ್ದವರಂತೆ ನನ್ನತ್ತ ತಿರುಗಿದರು.

‘ಹೌದ್ರಿ, ಹಚ್ಚೇವಿ,’ ಎಂದರು ಅಕ್ಕ. ‘ಹಚ್ಚದಿದ್ರ ಕಾಣಂಗಿಲ್ಲ. ಮೊದಲು ಎಲ್ಲಾದಕ್ಕೂ ಕೆಂಪು ಹಾಕಿ ಕಾಸತೀವಿ. ಆಮ್ಯಾಲೆ ಆಸಿಡ್ ಹಾಕಿ ತೊಳೀತೀವಿ. ಉಳಿದದ್ದರ ಬಣ್ಣ ಹೋಗತೈತಿ, ಟಿಬಿ ಕ್ರಿಮೀದು ಹೋಗಂಗಿಲ್ಲ. ಕಡೀಕ ನೀಲಿ ಹಾಕಿದ್ರ ಇವು ಕೆಂಪಗ ಎದ್ದು ಕಾಣತಾವ.’

ಚಾಚಾ ನಲವತ್ತು ವರ್ಷ ಸೀರೆಗಳಿಗೆ ಬಣ್ಣ ಹಾಕಿದ ಮನುಷ್ಯ.

‘ಆಸಿಡ್‌ಗೂ ಬಿಡೂದಿಲ್ಲಾ?’ ಮತ್ತೆ ಬಗ್ಗಿ ನೋಡಿದರು. ಈ ಸಲ ಬಹಳ ಹೊತ್ತು. ‘ಇಷ್ಟೂ ನನ್ನ ಎದ್ಯಾಗಿನವೇನ್ರಿ, ಅಕ್ಕಾ?’

‘ಹೂನ್ರಿ. ನಿಮ್ಮವ.’

ಗುಳಿಗೆ ಮತ್ತೆ ಶುರುವಾಗಿದೆ. (ಡಾಕ್ಟರ್ ಬೈದದ್ದನ್ನು ಇಲ್ಲಿ ಬರೆಯಲಾಗದು.)

ವೈರಸ್ಸಿನಂಥ ಇನ್ನೂ ಸಣ್ಣವಕ್ಕೆ ಬೆಳಕೂ ಸಾಲದು. ಎಲೆಕ್ಟ್ರಾನ್ ಹಾಯಿಸಿ ಕಪ್ಪು ಬಿಳುಪು ಚಿತ್ರ ಪಡೆದು, ಗುರುತು ಸಿಗಲೆಂದು ಆಮೇಲೆ ಬಣ್ಣ ತುಂಬುತ್ತಾರೆ. ಕದ್ದುಮುಚ್ಚಿ ಅಲ್ಲ, ಎಷ್ಟೋ ಸಲ ಚಿತ್ರದ ಕೆಳಗೇ ಬರೆದಿರುತ್ತಾರೆ. ಅದನ್ನು ಓದುವ ಪುರುಸೊತ್ತು ಯಾರಿಗಿದೆ? ಫಾರ್ವರ್ಡ್ ಒತ್ತಲು ಒಂದು ಬೆರಳು ಸಾಕಲ್ಲ!

ಆ ಹದಿನೈದು ದಿನವೂ ಚಾಚಾ ಕೆಮ್ಮುತ್ತಲೇ ಎರಡು ವರ್ಷದ ಮೊಮ್ಮಗಳನ್ನು ತೊಡೆಯಿಂದ ಇಳಿಸಿರಲಿಲ್ಲ. ಸೋಮವಾರ ಅವಳಿಗೂ ಟಿಬಿ ತಪಾಸಣೆ.

ವಿಡಿಯೋ ಕಳಿಸಿದ ಮಹಾನುಭಾವರೇ, ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಬರುತ್ತೀರಾ?