ಬಳಚಿನ ಆಯಿಗೆ ನಾನು ಹೇಳಿದ ಸುಳ್ಳು

ಅವಳ ಪಾದಗಳು ಅಗಲವಾಗಿದ್ದವು. ಬೆರಳುಗಳು ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ ಹರಡಿಕೊಂಡಿದ್ದವು. ಉಗುರಿನ ಸಂದಿಯ ಕರಿ ಕೆಸರು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಮಂಜಗುಣಿಯಲ್ಲಿ ಗಂಗಾವಳಿ ಸಮುದ್ರ ಸೇರುವ ಕಡೆ, ನೀರು ಇಳಿದ ಹೊತ್ತಿನಲ್ಲಿ, ಅವಳು ಸೊಂಟದವರೆಗೆ ಹೊಳೆಗಿಳಿದು ಬಳಚು ಆರಿಸುತ್ತಿದ್ದಳು. ಕೆಸರಿನಲ್ಲಿ ಹುದುಗಿರುವ ಆ ಚಿಪ್ಪುಗಳು ಕಣ್ಣಿಗೆ ಕಾಣುವುದಿಲ್ಲ, ಕಾಲಿನಿಂದಲೇ ಹುಡುಕಬೇಕು. ದಂಡೆಯಲ್ಲಿ ನಿಂತ ನಮ್ಮೊಡನೆ ಮಾತಾಡುತ್ತಲೇ ಅವಳು ಕಾಲಲ್ಲಿ ತಡಕಿ, ಹೆಬ್ಬೆರಳಲ್ಲಿ ಮೀಟಿ, ಮುಳುಗಿ ಎತ್ತಿಕೊಳ್ಳುತ್ತಿದ್ದಳು. ಜೀವ ಇರುವ ಚಿಪ್ಪು ಯಾವುದು, ಖಾಲಿ ಯಾವುದು ಎಂಬುದೂ ಆ ಕಾಲಿಗೇ ತಿಳಿಯುತ್ತಿತ್ತು.

ನಮ್ಮದು ಪಕ್ಕದ ಮನೆ. ಊರಿಗೆಲ್ಲ ಅವಳು ಬಳಚಿನ ಆಯಿ. ಗಂಡ ಬೇಗ ತೀರಿಹೋಗಿದ್ದ. ಒಬ್ಬನೇ ಮಗ ಬೋಟಿಗೆ ಹೋಗುತ್ತಿದ್ದ. ನನ್ನ ಅಮ್ಮ ಗದ್ದೆ ಕೆಲಸಕ್ಕೆ ಹೋದ ದಿನಗಳಲ್ಲಿ ನನಗೆ ಗಂಜಿ ಬಡಿಸುತ್ತಿದ್ದವಳು ಇವಳೇ.

ನನಗೆ ಒಂಬತ್ತು ವರ್ಷವಿದ್ದಾಗ ಮೂಗು ಚುಚ್ಚಿಸಲು ಮನೆಗೆ ಅಕ್ಕಸಾಲಿಗರನ್ನು ಕರೆಸಿದರು. ನಾನು ಬೇಡ ಎಂದು ಅಳುತ್ತಿದ್ದೆ. ಚಿಕ್ಕಮ್ಮ ಎರಡೂ ಕೈ ಹಿಡಿದುಕೊಂಡಿದ್ದಳು. ಅಳು ಕೇಳಿ ಆಯಿ ಒದ್ದೆ ಸೀರೆಯಲ್ಲೇ ಒಳಗೆ ಬಂದಳು.

"ಕೈ ಬಿಡು ಅದ್ರದ್ದು," ಎಂದಳು.

"ಹೆಣ್ಣು ಮಕ್ಕಳಿಗೆ ಮೂಗು ಚುಚ್ಚೂದೇ ಅಲ್ದಾ ಆಯಿ," ಎಂದಳು ಚಿಕ್ಕಮ್ಮ.

"ಚುಚ್ಚಿ. ಯಾರು ಬೇಡ ಅಂದ್ರು? ಅದ್ರ ಮೂಗು, ಅದ್ರ ಕೇಳಿ ಚುಚ್ಚಿ."

ಅಂದು ಯಾರೂ ಚುಚ್ಚಲಿಲ್ಲ. ಆಮೇಲೆ ನನಗೂ ಬೇಕೆನ್ನಿಸಲಿಲ್ಲ.

ಮುಂದೆ ನಾನು ನರ್ಸಿಂಗ್ ಓದಿ ಕಾರವಾರದ ಒಂದು ಖಾಸಗಿ ಆಸ್ಪತ್ರೆ ಸೇರಿದೆ. ರಜೆಗೆ ಊರಿಗೆ ಹೋದಾಗ ಒಮ್ಮೆ ಆಯಿ, "ಈಗೀಗ ಕಾಲಿಗೆ ಬಳಚು ಗುತ್ತೇ ಆಗೂದಿಲ್ಲ ಮಗಾ," ಎಂದಳು. ನಾನು ನಕ್ಕು, "ವಯಸ್ಸಾಯ್ತಲ್ಲ ಆಯಿ," ಎಂದೆ. ಸಕ್ಕರೆ ಕಾಯಿಲೆಯಲ್ಲಿ ಪಾದ ಸ್ಪರ್ಶ ಕಳೆದುಕೊಳ್ಳುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು.

ಎಂಟು ತಿಂಗಳ ನಂತರ ಮಗ ಅವಳನ್ನು ನಮ್ಮ ಆಸ್ಪತ್ರೆಗೆ ಕರೆತಂದ. ಚಿಪ್ಪು ಕೊಯ್ದ ಗಾಯ, ಜೊತೆಗೆ ಸಕ್ಕರೆ ಕಾಯಿಲೆ. ನೋವೇ ಆಗದ್ದರಿಂದ ಅವಳು ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಬಲಪಾದ ಅರ್ಧ ಕಪ್ಪಾಗಿತ್ತು. ಮೊಣಕಾಲಿನ ಕೆಳಗೆ ಕಾಲು ತೆಗೆಯದಿದ್ದರೆ ನಂಜು ರಕ್ತಕ್ಕೇರುತ್ತದೆ ಎಂದು ಡಾಕ್ಟರಮ್ಮ ಎರಡು ಸಲ ಬಿಡಿಸಿ ಹೇಳಿದರು. ಆಯಿ ಎರಡು ಸಲವೂ ಪೂರ್ತಿ ಕೇಳಿಸಿಕೊಂಡಳು.

"ಬೇಡ. ಎಪ್ಪತ್ತಾಯ್ತು ನಂಗೆ. ಕಾಲು ತೆಗ್ಸ್ಕಂಡು ಮೂಲೇಲಿ ಕೂತು ನಾ ಎಂತಾ ಮಾಡೂದು? ಇದ್ದಷ್ಟು ದಿನ ಈ ಕಾಲಿನ ಸಂಗ್ತಿಗೇ ಇರ್ತೆ."

ಮಗ ತಾನೇ ಸಹಿ ಹಾಕುತ್ತೇನೆಂದು ಹಟ ಹಿಡಿದ. ಡಾಕ್ಟರಮ್ಮ ಒಪ್ಪಲಿಲ್ಲ. "ಅವರಿಗೆ ಬುದ್ಧಿ ಸರಿಯಾಗೇ ಇದೆ. ಅವರು ಬೇಡ ಅಂದ ಮೇಲೆ ಮುಟ್ಟಲಿಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ನೀವು ಮಗ ಆದರೂ ಅಷ್ಟೇ." ಹೋಗುವಾಗ ನನ್ನ ಕಡೆ ತಿರುಗಿ, "ನಿಮಗೆ ಪರಿಚಯದವರಲ್ಲವಾ, ಇನ್ನೊಮ್ಮೆ ಮಾತಾಡಿ ನೋಡಿ. ಮನಸ್ಸು ಬದಲಾದರೆ ಹೆಬ್ಬೆಟ್ಟು ತೆಗೆದುಕೊಳ್ಳಿ," ಎಂದರು.

ಮಗ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದ. ಅವನ ಹೆಂಡತಿ ಆಗ ಬಸುರಿ. "ಆಯಿ ನಿನ್ನ ಮಾತು ಕೇಳ್ತದೆ ಅಕ್ಕ, ಹೆಂಗಾರೂ ಮಾಡು," ಎಂದ.

ನಾನು ಕಾಗದ ಹಿಡಿದು ಒಳಗೆ ಹೋದೆ. ಜ್ವರದಲ್ಲೂ ಆಯಿ ನನಗೆ ಊಟವಾಯಿತೇ ಎಂದು ಕೇಳಿದಳು. ಮಾತಾಡಿ ಒಪ್ಪಿಸಬೇಕೆಂದೇ ಹೋದವಳು ನಾನು. ಆದರೆ ಅವಳ ಮುಖ ನೋಡಿದಾಗ ಅವಳು ಒಪ್ಪುವುದಿಲ್ಲವೆಂದು ಖಚಿತವಾಯಿತು. ಅವಳು ಸಾಯುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

"ಬರೀ ಕೀವು ತೆಗ್ದು ತೊಳೆಯೂದು ಆಯಿ. ಅದಕ್ಕೂ ಹೆಬ್ಬೆಟ್ಟು ಬೇಕು," ಎಂದೆ.

"ಕಾಲು ತೆಗೂದಿಲ್ಲ ಅಲ್ದಾ?"

"ಇಲ್ಲ."

ಅವಳು ಕೈ ಚಾಚಿದಳು. ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿದೆ. ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಹಾಕಿದೆ. ಒಪ್ಪಿದರು ಎಂದು ಡಾಕ್ಟರಮ್ಮನಿಗೆ ಹೇಳಿದೆ.

ಎಚ್ಚರವಾದ ಮೇಲೆ ಅವಳು ಹೊದಿಕೆ ಸರಿಸಿ ನೋಡಿದಳು. ಕೂಗಾಡಲಿಲ್ಲ. ನನ್ನ ಕಡೆ ನೋಡಿ, "ಕಾಗದದಲ್ಲಿ ಇದ್ದದ್ದೇ ನೀ ಹೇಳ್ದೆ ಅಂದ್ಕಂಡಿದ್ದೆ," ಎಂದಳು. ಅಷ್ಟೇ.

ಸಂಜೆ ಡಾಕ್ಟರಮ್ಮ ಬಂದು, "ಒಪ್ಪಿದ್ದು ಒಳ್ಳೇದಾಯ್ತು ಆಯಿ. ಇವರು ಎಲ್ಲ ವಿವರಿಸಿದ್ರಲ್ಲ?" ಎಂದು ಕೇಳಿದರು. ಆಯಿ ಗೋಡೆಯ ಕಡೆ ಮುಖ ಮಾಡಿ, "ಹೌದು. ಎಲ್ಲಾ ಹೇಳಿತ್ತು," ಎಂದಳು.

ಮೂರು ವರ್ಷ ಬದುಕಿದಳು. ಮೊಮ್ಮಗಳು ಹುಟ್ಟಿದಳು, ಆ ಮಗು ಆಯಿಯ ಮಡಿಲಲ್ಲೇ ಬೆಳೆಯಿತು. ನಾನು ಹೋದಾಗಲೆಲ್ಲ ಚಹಾ ಮಾಡಿಸಿ ಕೊಟ್ಟಳು, ಅಮ್ಮನ ಸುದ್ದಿ ಕೇಳಿದಳು. ಆದರೆ ಕಾಲಿಗೆ ಸುತ್ತಿದ ಬಟ್ಟೆ ಬಿಚ್ಚಲು ನಾನು ಕೈ ಚಾಚಿದರೆ, "ಸೊಸೆ ಮಾಡ್ತದೆ, ಇರ್ಲಿ," ಎಂದು ಸೆರಗು ಎಳೆದುಕೊಳ್ಳುತ್ತಿದ್ದಳು. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಮತ್ತೆಂದೂ ನನ್ನ ಕೈಯನ್ನು ಮೈಗೆ ತಾಗಗೊಡಲಿಲ್ಲ.

ಕಳೆದ ವರ್ಷ ಮೂತ್ರಪಿಂಡಗಳು ಸೋತವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು ಎಂದರು. ಆಯಿ ಬೇಡ, ಮನೆಗೆ ಹೋಗುತ್ತೇನೆ ಎಂದಳು. ಮಗ ಮತ್ತೆ ನನ್ನ ಮುಖ ನೋಡಿದ. ಈ ಸಲ ನಾನು ಹಾಸಿಗೆಯ ಪಕ್ಕ ಕೂತು, ಡಾಕ್ಟರರ ಸಲಹೆ ಮೀರಿ ಮನೆಗೆ ಹೋಗುವ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ; ಜೀವಕ್ಕೆ ಅಪಾಯವಿದೆ ಎಂಬ ಸಾಲನ್ನೂ ಬಿಡಲಿಲ್ಲ.

ಓದಿ ಮುಗಿಸಿ, "ಅವತ್ತಿಂದು ತಪ್ಪಾಯ್ತು ಆಯಿ," ಎಂದೆ.

"ಮೊಮ್ಮಗಳ ಮುಖ ಕಂಡೆ. ಅದು ನಿನ್ನಿಂದನೇ, ಇಲ್ಲ ಅನ್ನೂದಿಲ್ಲ," ಎಂದಳು. "ಆದ್ರೂ ಅದು ನನ್ನ ಕಾಲು ಮಗಾ," ಎಂದಳು.

ಊರಿಗೆ ಹೋದ ಹನ್ನೊಂದನೆಯ ದಿನ ತೀರಿಕೊಂಡಳು. ಡಯಾಲಿಸಿಸ್ ಮಾಡಿಸಿದ್ದರೆ ಇನ್ನೊಂದಿಷ್ಟು ದಿನ ಇರುತ್ತಿದ್ದಳೋ ಏನೋ.

ಹನ್ನೆರಡನೆಯ ದಿನದ ಊಟಕ್ಕೆ ಕೂತಾಗ ಮಗ ನೆಂಟರಿಗೆಲ್ಲ ನನ್ನನ್ನು ತೋರಿಸಿ, "ಆಯಿಗೆ ಮೂರು ವರ್ಷ ಕೊಟ್ಟದ್ದು ಈ ಅಕ್ಕ. ಡಾಕ್ಟರ್ ಹೇಳಿದ್ರೂ ಒಪ್ಪದವಳನ್ನ ಇವಳು ಒಪ್ಸಿದ್ಲು," ಎಂದ. ಆಯಿ ಅವನಿಗೂ ಏನೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು. ಎಲೆಯ ಮುಂದೆ ತಲೆ ತಗ್ಗಿಸಿ, ಬಡಿಸಿದ್ದನ್ನು ಉಂಡು ಬಂದೆ.